ಎಲ್ಲರಿಗೂ ಒಂದೇ ಲಾಗಿನ್ ಬೇಡ

ಲ್ಯಾಬ್‌ನಲ್ಲಿ ಲಾಗಿನ್ ಆಗಲು ಹೊತ್ತು ಹಿಡಿಯುತ್ತದೆ, ಒಮ್ಮೊಮ್ಮೆ ನಿನ್ನೆ ಮಾಡಿಟ್ಟ ಫೈಲೇ ಕಾಣುವುದಿಲ್ಲ ಎಂಬ ದೂರು ಈಗ ವಿದ್ಯಾರ್ಥಿಗಳಿಂದಲೂ ಬರುತ್ತಿದೆ, ಸಿಬ್ಬಂದಿ ಕೊಠಡಿಯಿಂದಲೂ ಬರುತ್ತಿದೆ. ಅದಕ್ಕೆ ಪರಿಹಾರವೂ ಜೊತೆಯಲ್ಲೇ ಬರುತ್ತಿದೆ: "ಮೊದಲಿನಂತೆ ಎಲ್ಲರಿಗೂ ಸೇರಿ 'ಸ್ಟೂಡೆಂಟ್' ಎಂಬ ಒಂದೇ ಲಾಗಿನ್ ಇಟ್ಟುಬಿಡಿ, ಪಾಸ್‌ವರ್ಡ್ ಕೂಡ ಬೇಡ." ದೂರು ನಿಜ. ಪರಿಹಾರವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಉಬ್ರಾಣಿ ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ನಮ್ಮ ಮಕ್ಕಳಲ್ಲಿ ಹಲವರ ಮನೆಯಲ್ಲಿ ಮೊಬೈಲ್ ಇದೆ, ಕಂಪ್ಯೂಟರ್ ಇಲ್ಲ. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುವ ಮನೆಯ ಹುಡುಗಿಗೆ ಕಂಪ್ಯೂಟರ್ ಎಂದರೆ ವಾರದ ಲ್ಯಾಬ್ ಅವಧಿಯಷ್ಟೇ. ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳ ತಯಾರಿ ನಡೆಯಬೇಕಾದದ್ದೂ ಅಲ್ಲೇ. ಒಂದೇ ಲಾಗಿನ್ ಇದ್ದರೆ ಬೆಳಗಿನ ಬ್ಯಾಚ್ ಬರೆದ ಪ್ರೋಗ್ರಾಂ ಮಧ್ಯಾಹ್ನದ ಬ್ಯಾಚ್ ಕೈಯಲ್ಲಿ ಅಳಿಯುತ್ತದೆ, ಒಬ್ಬರ ರೆಕಾರ್ಡ್ ಇನ್ನೊಬ್ಬರ ಹೆಸರಿನಲ್ಲಿ ಪ್ರಿಂಟ್ ಆಗುತ್ತದೆ. ಯಾರು ಮಾಡಿದರು ಎಂದು ಕೇಳಿದರೆ ಉತ್ತರ 'ಸ್ಟೂಡೆಂಟ್'. ಕನ್ನಡ ಕೀಲಿಮಣೆ ಹಾಕಿಕೊಂಡವರ ನಂತರ ಉರ್ದು ಬೇಕಾದವರು ಕುಳಿತರೆ ಆ ಸೆಟ್ಟಿಂಗ್ ಕೂಡ ಬದಲು. ವಿಂಡೋಸ್‌ನಲ್ಲಿ ಕೀಲಿಮಣೆಯ ಆಯ್ಕೆ ಇರುವುದು ಬಳಕೆದಾರರ ಪ್ರೊಫೈಲ್‌ನಲ್ಲಿ. ಪ್ರೊಫೈಲ್ ಹಂಚಿಕೊಂಡರೆ ಭಾಷೆಗೂ ಜಗಳ ತಪ್ಪದು.

ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಕೆಲಸ ತನಗೆ ಸಿಗಬೇಕು ಎಂಬುದು ಹೊಸ ಆಸೆಯೇನಲ್ಲ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಆರಂಭವಾದ 'ಅಥೆನಾ' ಯೋಜನೆಯ ಗುರಿ ಇದೇ ಆಗಿತ್ತು. ಬಳಕೆದಾರರ ಗುರುತು ಪರೀಕ್ಷಿಸಲು ಅಲ್ಲಿ ಹುಟ್ಟಿದ 'ಕರ್ಬರೋಸ್' ಪದ್ಧತಿಯನ್ನೇ ವಿಂಡೋಸ್ ಡೊಮೇನ್‌ಗಳು ಇಂದಿಗೂ ಬಳಸುತ್ತವೆ. ದೊಡ್ಡ ವಿಶ್ವವಿದ್ಯಾಲಯಕ್ಕೆ ಬೇಕಾದದ್ದು ನಮಗೇಕೆ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೇ ಇದು ಹೆಚ್ಚು ಬೇಕು.

ಹಾಗಾದರೆ ತಡವೇಕೆ? ರೋಮಿಂಗ್ ಪ್ರೊಫೈಲ್ ಎಂದರೆ ಹಾಸ್ಟೆಲ್ ಹುಡುಗ ತರಗತಿ ಬದಲಾದಾಗಲೆಲ್ಲ ತನ್ನ ಟ್ರಂಕನ್ನೇ ಹೊತ್ತು ತಂದಂತೆ. ಲಾಗಿನ್ ಆದಾಗ ಸರ್ವರ್‌ನಲ್ಲಿರುವ ಪ್ರೊಫೈಲ್ ಆ ಯಂತ್ರಕ್ಕೆ ನಕಲಾಗುತ್ತದೆ, ಲಾಗೌಟ್ ಆದಾಗ ಬದಲಾದದ್ದು ವಾಪಸ್ ಹೋಗುತ್ತದೆ. ಡೆಸ್ಕ್‌ಟಾಪ್ ಮೇಲೆ ಇಟ್ಟ ವಿಡಿಯೋ, ಹಾಡು ಎಲ್ಲವೂ ಟ್ರಂಕಿನಲ್ಲೇ. ಲೆಕ್ಕ ಹಾಕಿ ನೋಡಿ. 30 ಜನ, ಒಬ್ಬೊಬ್ಬರದು 500 ಎಂಬಿ, ಎಲ್ಲರೂ ಹಿಂದೆ ಕೂರದ ಯಂತ್ರಕ್ಕೆ ಬಂದಿದ್ದಾರೆ. ಒಟ್ಟು 15,000 ಎಂಬಿ. ಸರ್ವರ್‌ನ ಕೇಬಲ್ 100 ಎಂಬಿಪಿಎಸ್‌ನದಾದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಸಾಗುತ್ತದೆ. ಏನೂ ಅಡಚಣೆ ಇಲ್ಲದಿದ್ದರೂ 20 ನಿಮಿಷ! ಅರ್ಧ ಪೀರಿಯಡ್ ಅಲ್ಲೇ ಹೋಯಿತು. ಇದಕ್ಕೆ ಹೊಸ ಕಂಪ್ಯೂಟರ್ ಖರೀದಿಸಿದರೂ ಪ್ರಯೋಜನವಿಲ್ಲ.

ಪರಿಹಾರ ಟ್ರಂಕನ್ನು ಹೊರದಿರುವುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಸರ್ವರ್‌ನಲ್ಲೇ ಇರಿಸಿ, ಯಂತ್ರವು ಅಲ್ಲಿಂದಲೇ ಅವನ್ನು ತೆರೆಯುವಂತೆ ಮಾಡಬಹುದು. ಇದನ್ನು ಫೋಲ್ಡರ್ ರೀಡೈರೆಕ್ಷನ್ ಎನ್ನುತ್ತಾರೆ. ಆಗ ನಕಲಾಗುವುದು ಸೆಟ್ಟಿಂಗ್‌ಗಳಷ್ಟೇ. ಅದರ ಜೊತೆಗೆ ತಲೆಗೆ ಇಂತಿಷ್ಟು ಎಂಬ ಜಾಗದ ಮಿತಿಯೂ ಇರಲಿ. ಹಾಡು ಇಡಲು ಮೊಬೈಲ್ ಇದೆಯಲ್ಲ.

ಫೈಲ್ 'ಮಾಯ'ವಾಗುವ ವಿಷಯಕ್ಕೆ ಬರೋಣ. ನಮ್ಮ ಕಡೆ ಇದರ ಮೊದಲ ಕಾರಣ ಕರೆಂಟು. ಲಾಗೌಟ್ ಆಗುವ ಮೊದಲೇ ಯಂತ್ರ ಆರಿದರೆ ಅಂದಿನ ಕೆಲಸ ಸರ್ವರ್‌ಗೆ ಹೋಗಿರುವುದಿಲ್ಲ, ಉಳಿಸಿದ್ದು ಆ ಯಂತ್ರದಲ್ಲೇ ಇರುತ್ತದೆ. ಬೆಲ್ ಹೊಡೆದ ಕೂಡಲೇ ಬಟನ್ ಒತ್ತಿ ಓಡುವವರಿಗೂ ಇದೇ ಗತಿ. ಎರಡನೆಯದು, ವಿಂಡೋಸ್ 7 ಮತ್ತು ವಿಂಡೋಸ್ 10 ಎರಡೂ ಇರುವ ಲ್ಯಾಬ್. ವಿಂಡೋಸ್ 7 ತನ್ನ ಪ್ರೊಫೈಲ್ ಫೋಲ್ಡರ್ ಹೆಸರಿನ ಕೊನೆಗೆ 'ವಿ2' ಎಂದು ಸೇರಿಸುತ್ತದೆ, ವಿಂಡೋಸ್ 10ರ ಈಚಿನ ಆವೃತ್ತಿಗಳು 'ವಿ6' ಎನ್ನುತ್ತವೆ. ಹೆಸರು ಒಂದೇ, ಟ್ರಂಕು ಎರಡು. ಕಿಟಕಿ ಪಕ್ಕದ ಹಳೆಯ ಯಂತ್ರದಲ್ಲಿ ಬರೆದದ್ದು ಹೊಸ ಸಾಲಿನಲ್ಲಿ ಕಾಣದಿದ್ದರೆ ಯಾರೂ ಕದ್ದಿಲ್ಲ. ಮೂರನೆಯದು ತಾತ್ಕಾಲಿಕ ಪ್ರೊಫೈಲ್. ನಿಮ್ಮ ಪ್ರೊಫೈಲ್ ತೆರೆಯಲು ಆಗದಾಗ ವಿಂಡೋಸ್ ಒಂದು ಖಾಲಿ ಪ್ರೊಫೈಲ್ ಕೊಡುತ್ತದೆ, ಮೂಲೆಯಲ್ಲಿ ಒಂದು ಸೂಚನೆಯನ್ನೂ ತೋರಿಸುತ್ತದೆ. ಅದನ್ನು ಓದದೆ ಡೆಸ್ಕ್‌ಟಾಪ್ ಮೇಲೆ ಉಳಿಸಿದರೆ ಲಾಗೌಟ್ ಆದಾಗ ಎಲ್ಲವೂ ಅಳಿಯುತ್ತದೆ. ಈವೆಂಟ್ ವ್ಯೂವರ್‌ನಲ್ಲಿ 1511 ಎಂಬ ಸಂಖ್ಯೆ ಇದ್ದರೆ ತಾತ್ಕಾಲಿಕ ಪ್ರೊಫೈಲ್ ಸಿಕ್ಕಿದೆ ಎಂದರ್ಥ. 1521 ಇದ್ದರೆ ಸರ್ವರ್‌ನಲ್ಲಿರುವ ಪ್ರತಿ ಸಿಕ್ಕಿಲ್ಲ. ಈ ಎರಡು ಸಂಖ್ಯೆ ತಿಳಿದಿದ್ದರೆ ಇಡೀ ಯಂತ್ರವನ್ನು ಫಾರ್ಮ್ಯಾಟ್ ಮಾಡುವ ನಮ್ಮ ಅಭ್ಯಾಸ ಅರ್ಧಕ್ಕರ್ಧ ತಪ್ಪೀತು.

ಇನ್ನು ಲಾಗಿನ್ ಸ್ಕ್ರಿಪ್ಟ್. ಲಾಗಿನ್ ಆದ ಕೂಡಲೇ ನಿಮ್ಮ ಡ್ರೈವ್, ಪ್ರಿಂಟರ್ ಜೋಡಿಸುವ ಪುಟ್ಟ ಆದೇಶಪಟ್ಟಿ ಅದು. ಹಳೆಯ ಸರ್ವರ್‌ನ ಹೆಸರು ಅದರಲ್ಲಿ ಉಳಿದಿದ್ದರೆ ಯಂತ್ರ ಇಲ್ಲದವರ ಮನೆ ಬಾಗಿಲು ತಟ್ಟುತ್ತಾ ಕೂರುತ್ತದೆ. ಕೆಲವೊಮ್ಮೆ ನೆಟ್‌ವರ್ಕ್ ಎಚ್ಚರಗೊಳ್ಳುವ ಮೊದಲೇ ವಿಂಡೋಸ್ ಲಾಗಿನ್ ಮುಗಿಸಿಬಿಡುತ್ತದೆ, ಸ್ಕ್ರಿಪ್ಟ್ ಓಡುವುದೇ ಇಲ್ಲ. ಇದಕ್ಕೆ ಗ್ರೂಪ್ ಪಾಲಿಸಿಯಲ್ಲಿ 'ನೆಟ್‌ವರ್ಕ್‌ಗಾಗಿ ಯಾವಾಗಲೂ ಕಾಯಿರಿ' ಎಂಬರ್ಥದ ಆಯ್ಕೆಯಿದೆ. ಸ್ಕ್ರಿಪ್ಟನ್ನು ಒಮ್ಮೆ ಕೈಯಾರೆ ಓಡಿಸಿ ನೋಡಿದರೆ ಯಾವ ಸಾಲಿನಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹಾಗೆಯೇ ಯಂತ್ರದ ಗಡಿಯಾರ ನೋಡಿ. ಸರ್ವರ್‌ನ ಸಮಯಕ್ಕೂ ಯಂತ್ರದ ಸಮಯಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಕರ್ಬರೋಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತರೆ, ರಜೆ ಮುಗಿಸಿ ಬಂದಾಗ ಆ ಯಂತ್ರ ಹಳೆಯ ಯಾವುದೋ ಇಸವಿಯಲ್ಲಿ ಕುಳಿತಿರುತ್ತದೆ. ಸಣ್ಣ ಬೆಲೆಯ ಬ್ಯಾಟರಿ, ದೂರು ಮಾತ್ರ "ಸರ್ವರ್ ಕೆಟ್ಟಿದೆ" ಎಂದು.

ಖರ್ಚಿನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರ್ವರ್‌ಗೆ ದುಬಾರಿ ಲೈಸೆನ್ಸ್ ಬೇಕೇ ಬೇಕೆಂದಿಲ್ಲ. 2012ರ ಕೊನೆಗೆ ಬಂದ 'ಸಾಂಬಾ 4' ಎಂಬ ಸ್ವತಂತ್ರ ತಂತ್ರಾಂಶ ಲಿನಕ್ಸ್ ಯಂತ್ರವನ್ನೇ ಡೊಮೇನ್ ಸರ್ವರ್ ಮಾಡಬಲ್ಲದು. ಸರ್ಕಾರಿ ಶಾಲೆಗಳ ಲ್ಯಾಬ್‌ಗಳನ್ನು ಕೇರಳ ವರ್ಷಗಳಿಂದ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ದುಡ್ಡು ಹಾಕಬೇಕಾದದ್ದು ಸರ್ವರ್‌ನ ಯುಪಿಎಸ್‌ಗೆ, ಬ್ಯಾಕಪ್ ಡಿಸ್ಕ್‌ಗೆ. ಎಲ್ಲರ ಕೆಲಸ ಒಂದೇ ಕಡೆ ಇದ್ದಾಗ ಆ ಒಂದು ಡಿಸ್ಕ್ ಹೋದರೆ ಎಲ್ಲರದೂ ಹೋಗುತ್ತದೆ. ನನ್ನ ವಾದದ ದುರ್ಬಲ ಜಾಗ ಇದೇ, ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಮೊದಲು ದ್ವಿತೀಯ ಪಿಯು ವಿಜ್ಞಾನದ ಒಂದು ಬ್ಯಾಚ್‌ಗೆ ಮಾತ್ರ ಫೋಲ್ಡರ್ ರೀಡೈರೆಕ್ಷನ್ ಮಾಡಿ ಒಂದು ತಿಂಗಳು ನೋಡೋಣ. ಅಲ್ಲಿಯವರೆಗೆ ಲ್ಯಾಬ್ ಬಾಗಿಲ ಬಳಿ ಒಂದು ನೋಟ್‌ಬುಕ್ ಇರಲಿ. "ಕಂಪ್ಯೂಟರ್ ಸರಿಯಿಲ್ಲ" ಎಂದು ಬರೆಯಬೇಡಿ. ಯಂತ್ರದ ನಂಬರ್, ಗಂಟೆ, ಪರದೆಯ ಮೇಲೆ ಬಂದ ಸೂಚನೆಯನ್ನು ಅಕ್ಷರಕ್ಕೆ ಅಕ್ಷರ ಬರೆಯಿರಿ. ಇಂಗ್ಲಿಷ್ ಅರ್ಥವಾಗದಿದ್ದರೂ ನೋಡಿ ನಕಲು ಮಾಡಿ.