ಡಿಗ್ರಿ ಡೈರಿ, ಭಾಗ 7: ‘ಸಿನ್ಸ್ ತ್ರೀ ಇಯರ್ಸ್’ ಅಂದ್ರೆ ನಗ್ಬೇಡಿ

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ‘ಐ ಆಮ್ ವರ್ಕಿಂಗ್ ಸಿನ್ಸ್ ತ್ರೀ ಇಯರ್ಸ್’ ಅನ್ನೋರು ದಡ್ಡರಲ್ಲ. ಅವರ ಕನ್ನಡ ಸರಿಯಾಗೇ ಇದೆ, ಅದನ್ನೇ ಇಂಗ್ಲಿಷಿಗೆ ತಗೊಂಡು ಹೋಗಿದ್ದಾರೆ ಅಷ್ಟೇ. ಆ ವಾಕ್ಯ ತಿದ್ದಬೇಕು, ನಿಜ. ಆದ್ರೆ ನಕ್ಕು ಅಲ್ಲ, ಕನ್ನಡದಿಂದಲೇ ತಿದ್ದಬೇಕು.

ಇದನ್ನ ಬರೆಯೋಕೆ ಕಾರಣ ಇದೆ. ಒಂದು ಮಾಕ್ ಇಂಟರ್‌ವ್ಯೂನಲ್ಲಿ ನಮ್ಮ ಬ್ಯಾಚಿನ ಹುಡುಗಿ ಒಬ್ಬಳು ಎದ್ದು ನಿಂತು ಹೇಳಿದಳು: ‘ಐ ಆಮ್ ಡೂಯಿಂಗ್ ಅಕೌಂಟ್ಸ್ ಇನ್ ಎ ಶಾಪ್ ಸಿನ್ಸ್ ತ್ರೀ ಇಯರ್ಸ್.’ ಹಿಂದಿನ ಬೆಂಚಲ್ಲಿ ನಗು. ಅವಳು ಮುಂದೆ ಮಾತೇ ಆಡ್ಲಿಲ್ಲ, ಥ್ಯಾಂಕ್ಯೂ ಅಂತ ಕೂತ್ಕೊಂಡಳು. ಮೂರು ವರ್ಷ ಅಂಗಡಿ ಲೆಕ್ಕ ಬರೆದವಳು, ಟ್ಯಾಲಿ ಗೊತ್ತು, ಜಿಎಸ್‌ಟಿ ಬಿಲ್ ಗೊತ್ತು. ನಕ್ಕೋರಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿತ್ತು? ಒಂದು ‘ಹ್ಯಾವ್ ಬೀನ್’ ಇಲ್ಲ ಅಂತ ಆ ಮೂರು ವರ್ಷದ ಅನುಭವ ಯಾರಿಗೂ ಕೇಳಿಸ್ಲೇ ಇಲ್ಲ.

ಈಗ ವಿಷಯಕ್ಕೆ ಬರೋಣ 👇

ಕನ್ನಡದಲ್ಲಿ ನಾವು ಹೇಗೆ ಹೇಳ್ತೀವಿ? ‘ಮೂರು ವರ್ಷದಿಂದ ಲೆಕ್ಕ ಬರೀತಾ ಇದ್ದೀನಿ.’ ಇಲ್ಲಿ ‘ಬರೀತಾ ಇದ್ದೀನಿ’ ಅನ್ನೋದು ಮಾಮೂಲಿ ವರ್ತಮಾನ. ಈಗ ಈ ನಿಮಿಷ ಬರೀತಾ ಇದ್ರೂ ಅದೇ ರೂಪ. ಹಿಂದಿನಿಂದ ನಡ್ಕೊಂಡು ಬಂದಿದೆ ಅನ್ನೋ ಅರ್ಥ ಪೂರ್ತಿ ಹೊತ್ತಿರೋದು ‘ಇಂದ’ ಒಂದೇ. ಇಂಗ್ಲಿಷಲ್ಲಿ ‘ಇಂದ’ ಒಂದೇ ಸಾಲಲ್ಲ, ಕ್ರಿಯಾಪದವೂ ಬದಲಾಗ್ಬೇಕು. ಅದಕ್ಕೇ ‘ಹ್ಯಾವ್ ಬೀನ್ ಡೂಯಿಂಗ್’. ಜರ್ಮನ್, ಫ್ರೆಂಚ್ ಭಾಷೆಗಳೂ ಈ ವಿಷಯದಲ್ಲಿ ನಮ್ ಥರಾನೇ: ವರ್ತಮಾನ ಕಾಲ, ಜೊತೆಗೆ ‘ಇಂದ’ ಅನ್ನೋ ಅರ್ಥದ ಒಂದು ಪದ. ಹಾಗಾಗಿ ಇಂಗ್ಲಿಷ್ ಕಲಿಯೋ ಜರ್ಮನ್ನರೂ ಇದೇ ತಪ್ಪು ಮಾಡ್ತಾರೆ. ಅವರನ್ನ ಯಾರೂ ‘ಹಳ್ಳಿಯೋರು’ ಅನ್ನಲ್ಲ 🙂

ಎರಡನೇದು ಸಿನ್ಸ್, ಫಾರ್ ಗೊಂದಲ. ‘ಸೋಮವಾರದಿಂದ’ ಅಂತೀವಿ, ‘ಮೂರು ದಿನದಿಂದ’ ಅಂತೀವಿ. ಎರಡಕ್ಕೂ ನಮಗೆ ಒಂದೇ ‘ಇಂದ’. ಇಂಗ್ಲಿಷಲ್ಲಿ ಬೇರೆ ಬೇರೆ. ಬಿಕಾಂ ಭಾಷೇಲಿ ಹೇಳ್ತೀನಿ ಕೇಳಿ. ಬಡ್ಡಿ ಲೆಕ್ಕ ಹಾಕುವಾಗ ಒಂದು ಸಾಲ ಕೊಟ್ಟ ದಿನಾಂಕ, ಇನ್ನೊಂದು ಅವಧಿ ಎಷ್ಟು ತಿಂಗಳು ಅನ್ನೋದು. ದಿನಾಂಕ ಇದ್ರೆ ಸಿನ್ಸ್, ಅವಧಿ ಇದ್ರೆ ಫಾರ್. ಸಿನ್ಸ್ ಮಂಡೇ. ಫಾರ್ ತ್ರೀ ಡೇಸ್. ಮುಗೀತು.

ಈ ಟೆನ್ಸ್ ಯಾಕೆ ಬೇಕು ಅನ್ನೋದಕ್ಕೆ ನಮ್ಮ ಜಿಲ್ಲೆಯ ಉದಾಹರಣೆಗಿಂತ ಒಳ್ಳೇದು ಇಲ್ಲ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ ರೈತರು ಭೂಸ್ವಾಧೀನದ ವಿರುದ್ಧ ಧರಣಿ ಕೂತಿದ್ದು 2022ರ ಏಪ್ರಿಲ್‌ನಲ್ಲಿ. 1,777 ಎಕರೆ ಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ ಹೇಳಿದ್ದು 2025ರ ಜುಲೈ 15ಕ್ಕೆ. ನಡುವೆ, 2024ರಲ್ಲಿ ಒಬ್ಬರು ಇಂಗ್ಲಿಷಲ್ಲಿ ‘ಫಾರ್ಮರ್ಸ್ ಆರ್ ಪ್ರೊಟೆಸ್ಟಿಂಗ್’ ಅಂತ ಬರೆದ್ರೆ, ಇವತ್ತು ಬೆಳಿಗ್ಗೆ ಬಂದು ಕೂತ್ರೇನೋ ಅನ್ನೋ ಹಾಗೆ ಕೇಳುತ್ತೆ. ‘ಫಾರ್ಮರ್ಸ್ ಹ್ಯಾವ್ ಬೀನ್ ಪ್ರೊಟೆಸ್ಟಿಂಗ್ ಸಿನ್ಸ್ 2022’ ಅಂದ್ರೆ ಬಿಸಿಲು, ಮಳೆ, ಎರಡು ವರ್ಷ ಎಲ್ಲಾ ಆ ಒಂದು ವಾಕ್ಯದಲ್ಲೇ ಬಂತು. ಆ ಮೂರು ವರ್ಷದ ಕಥೆ ಈಗ ಹೇಳೋದಾದ್ರೆ ‘ಪ್ರೊಟೆಸ್ಟೆಡ್ ಫಾರ್ ಮೋರ್ ದ್ಯಾನ್ ತ್ರೀ ಇಯರ್ಸ್’. ಖಾತೆ ಓಪನ್ ಇರೋ ತನಕ ‘ಹ್ಯಾವ್ ಬೀನ್’. ಕ್ಲೋಸ್ ಆದ್ಮೇಲೆ ಭೂತಕಾಲ.

ಇಂಟರ್‌ವ್ಯೂನಲ್ಲೂ ಅಷ್ಟೇ. ‘ಐ ವರ್ಕ್ಡ್ ಫಾರ್ ತ್ರೀ ಇಯರ್ಸ್’ ಅಂದ್ರೆ ಕೆಲಸ ಬಿಟ್ಟಿದ್ದೀರ ಅಂತ ಅರ್ಥ. ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ತ್ರೀ ಇಯರ್ಸ್’ ಅಂದ್ರೆ ಸಾಮಾನ್ಯವಾಗಿ ಇನ್ನೂ ಮಾಡ್ತಾ ಇದ್ದೀರ ಅಂತ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿ ಆಫೀಸಿಗೋ ಏರ್‌ಪೋರ್ಟ್ ಕೆಲಸಕ್ಕೋ ಹೋಗೋರಿಗೆ ಈ ವ್ಯತ್ಯಾಸ ಬೇಕಾಗುತ್ತೆ.

ಆದ್ರೆ ನಮಗೆ ಕಲಿಸೋದು ಹೇಗೆ? ಬೋರ್ಡ್ ಮೇಲೆ ‘ಸಬ್ಜೆಕ್ಟ್ ಪ್ಲಸ್ ಹ್ಯಾವ್ ಆರ್ ಹ್ಯಾಸ್ ಪ್ಲಸ್ ಬೀನ್ ಪ್ಲಸ್ ಐಎನ್‌ಜಿ’. ಬಾಯಿಪಾಠ, ಎರಡು ಮಾರ್ಕು, ಪರೀಕ್ಷೆ ಮುಗಿದ್ಮೇಲೆ ಮರೆವು. ‘ಇಂಗ್ಲಿಷಲ್ಲೇ ಯೋಚ್ನೆ ಮಾಡಿ’ ಅಂತಾನೂ ಹೇಳ್ತಾರೆ. ಮನೇಲಿ, ಬಸ್ಸಲ್ಲಿ, ಸಂತೇಲಿ ಕನ್ನಡ ಆಡೋರು ಆ ಒಂದು ಪೀರಿಯಡ್ಡಿಗೆ ಮಾತ್ರ ಇಂಗ್ಲಿಷಲ್ಲಿ ಯೋಚ್ನೆ ಮಾಡೋದು ಹೇಗೆ ಸ್ವಾಮಿ?

ನಮ್ಮ ಭಾಷೇಲೇ ಇದಕ್ಕೆ ಹತ್ತಿರದ ರೂಪ ಇದೆ. ದೊಡ್ಡಬಳ್ಳಾಪುರದ ಮಗ್ಗದ ಬೀದೀಲಿ ಕೇಳಿ ನೋಡಿ: ‘ನಮ್ ತಾತ ನಲವತ್ತು ವರ್ಷದಿಂದ ಸೀರೆ ನೇಯ್ಕೊಂಡು ಬಂದವ್ರೆ.’ ಈ ‘ನೇಯ್ಕೊಂಡು ಬಂದವ್ರೆ’ನೇ ‘ಹ್ಯಾಸ್ ಬೀನ್ ವೀವಿಂಗ್’. ಬರವಣಿಗೇಲಿ ‘ನೇಯುತ್ತಾ ಬಂದಿದ್ದಾರೆ’. ಇದನ್ನ ಬೋರ್ಡ್ ಮೇಲೆ ಮೊದಲು ಬರೆದು, ಆಮೇಲೆ ಇಂಗ್ಲಿಷ್ ಬರೆದ್ರೆ ಫಾರ್ಮುಲಾ ತಾನಾಗೇ ತಲೇಲಿ ಕೂರುತ್ತೆ.

ಇನ್ನೊಂದು ಮಜಾ. ‘ಐ ಹ್ಯಾವ್ ಬೀನ್ ನೋಯಿಂಗ್ ಹಿಮ್’ ತಪ್ಪು, ‘ಐ ಹ್ಯಾವ್ ನೋನ್ ಹಿಮ್’ ಸರಿ. ಯಾಕೆ ಅಂತ ಕನ್ನಡ ಹೇಳುತ್ತೆ: ‘ಅವ್ರು ಐದು ವರ್ಷದಿಂದ ನಂಗೆ ಗೊತ್ತು’ ಅಂತೀವಿ. ‘ಗೊತ್ತು’ ಅನ್ನೋದಕ್ಕೆ ‘ತಾ ಇದೀನಿ’ ಅಂಟೋದೇ ಇಲ್ಲ. ಇಂಗ್ಲಿಷಲ್ಲಿ ‘ನೋ’ಗೆ ‘ಐಎನ್‌ಜಿ’ ಹಾಕದೇ ಇರೋದೂ ಅದೇ ಥರ.

ಕನ್ನಡ ಮೀಡಿಯಂನಿಂದ ಬಂದ ಫ್ರೆಂಡ್ಸ್‌ಗೆ ಒಂದೇ ಮಾತು: ತಪ್ಪಾದ್ರೂ ಪೂರ್ತಿ ಹೇಳಿ, ನಡುವೆ ಕೂರ್ಬೇಡಿ. ನಗೋರಿಗೆ ಒಂದು ಮಾತು: ಟೆನ್ಸ್ ತಿದ್ದೋಕೆ ಹತ್ತು ನಿಮಿಷ ಸಾಕು, ಬಾಯಿ ಮುಚ್ಚಿಸಿದ್ದನ್ನ ಬಿಡಿಸೋಕೆ ವರ್ಷಗಳೇ ಬೇಕು.

ಹೋಮ್‌ವರ್ಕ್ ✍️ ಎತ್ತಿನಹೊಳೆ ನೀರಿಗೆ ಶಂಕುಸ್ಥಾಪನೆ ಆಗಿದ್ದು 2014ರಲ್ಲಿ. ‘ಅವತ್ತಿಂದ ಕಾಯ್ಕೊಂಡು ಬಂದಿದ್ದೀವಿ’ ಅನ್ನೋದನ್ನ ಇಂಗ್ಲಿಷಲ್ಲಿ ಕಾಮೆಂಟ್ ಮಾಡಿ. ಸಿನ್ಸಾ, ಫಾರಾ, ನೀವೇ ಹೇಳಿ. ಯಾರೂ ನಗಲ್ಲ.

#ಡಿಗ್ರಿಡೈರಿ #ಬಿಕಾಂ #ದೊಡ್ಡಬಳ್ಳಾಪುರ #ಕನ್ನಡದಲ್ಲಿಇಂಗ್ಲಿಷ್