ಸೇರಿಸುವ ಮೊದಲು ಸರಿಹೊಂದಿಸಬೇಕು

ಒಂಬತ್ತನೆಯ ತರಗತಿಯ ಪ್ರತಿಧ್ವನಿ ಪಾಠ ಬೋಧನಾಭ್ಯಾಸದಲ್ಲಿ ಹೆಚ್ಚಾಗಿ 17.2 ಮೀಟರ್ ಲೆಕ್ಕಕ್ಕೇ ಮುಗಿಯುತ್ತದೆ. ರೇಡಿಯೋ ಅಲೆಗೂ ಪ್ರತಿಧ್ವನಿಯಂಥದ್ದು ಇದೆ ಎಂಬುದನ್ನೂ ಅಲ್ಲೇ ಹೇಳಬಹುದು. ಸಿರಿಗೇರಿಯ ವಿದ್ಯಾರ್ಥಿ ಬಳ್ಳಾರಿಯ ಕೋಟೆ ಗುಡ್ಡದ ಬಳಿ ಮೊಬೈಲ್ ಹಿಡಿದರೆ, ಟವರಿನ ಅಲೆ ನೇರವಾಗಿಯೂ ಬರುತ್ತದೆ, ಬಂಡೆ ಮತ್ತು ಗೋಡೆಗಳಿಗೆ ಬಡಿದೂ ಬರುತ್ತದೆ. 300 ಮೀಟರ್ ಹೆಚ್ಚು ಸುತ್ತಿದ ಅಲೆ ಸುಮಾರು ಒಂದು ಮೈಕ್ರೋಸೆಕೆಂಡ್ ತಡವಾಗುತ್ತದೆ.

ಇದನ್ನು ಕಲಿಸುವಾಗ ಎರಡು ತಪ್ಪುಗಳಾಗುತ್ತವೆ. ‘ದಾರಿ ಹೆಚ್ಚಾದಷ್ಟೂ ಸಿಗ್ನಲ್ ಹೆಚ್ಚು’ ಎನ್ನುವುದು ಒಂದು. ಉಬ್ಬಿಗೆ ತಗ್ಗು ಸೇರಿದರೆ ಅಲೆ ಅಳಿಯುತ್ತದೆ. ‘ಪ್ರತಿಫಲನ ಬರೀ ತೊಂದರೆ’ ಎನ್ನುವುದು ಇನ್ನೊಂದು. 1958ರಲ್ಲಿ ರಾಬರ್ಟ್ ಪ್ರೈಸ್ ಮತ್ತು ಪಾಲ್ ಗ್ರೀನ್ ಪ್ರಕಟಿಸಿದ ‘ರೇಕ್’ ಗ್ರಾಹಕ ತಡವಾದ ಅಲೆಯನ್ನೂ ಬಿಡುವುದಿಲ್ಲ. ಹುಲ್ಲು ಬಾಚುವ ಸಲಕರಣೆಯ ಹಲ್ಲುಗಳಂತೆ ಅದರ ಒಂದೊಂದು ಭಾಗ ಒಂದೊಂದು ದಾರಿಯ ಸಂಕೇತವನ್ನು ಹಿಡಿಯುತ್ತದೆ, ತಡವನ್ನು ಸರಿಹೊಂದಿಸುತ್ತದೆ. ಪ್ರಬಲವಾದದ್ದಕ್ಕೆ ಹೆಚ್ಚು ತೂಕ ಕೊಟ್ಟು ಎಲ್ಲವನ್ನೂ ಕೂಡಿಸುತ್ತದೆ.

ಟವರ್ ಮತ್ತು ಬಾಣಗಳ ಬಣ್ಣದ ಚಾರ್ಟ್ ಇದನ್ನು ತೋರಿಸಲಾರದು. ಅದರಲ್ಲಿ ಕಾಲವೇ ಇಲ್ಲ. ಮೂರು ಕಾಗದದ ಪಟ್ಟಿಗಳು ಸಾಕು. ಮೂರರಲ್ಲೂ ‘ಕಾಲುವೆಗೆ ನೀರು ಬಂದಿದೆ’ ಎಂದು ಬರೆಯಿರಿ. ಒಂದೊಂದರಲ್ಲಿ ಬೇರೆ ಬೇರೆ ಅಕ್ಷರ ಮಸುಕಾಗಿರಲಿ. ಮೊದಲು ಮೂವರು ಒಂದೊಂದು ಪದ ತಡವಾಗಿ, ಒಟ್ಟಿಗೆ ಓದಲಿ: ಗದ್ದಲವಷ್ಟೇ. ಆಮೇಲೆ ಪಟ್ಟಿಗಳನ್ನು ಒಂದರ ಕೆಳಗೊಂದು ಸರಿಸಿ ಹೊಂದಿಸಲಿ. ಒಂದರಲ್ಲಿ ಮಸುಕಾದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ. ಸ್ಪಷ್ಟವಾದ ಪಟ್ಟಿಯನ್ನು ಹೆಚ್ಚು ನಂಬುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಈ ಮಾದರಿಯ ಮಿತಿಯನ್ನೂ ಹೇಳಲೇಬೇಕು. ಪಟ್ಟಿಗಳು ಮೊದಲೇ ಬೇರೆಯಾಗಿವೆ. ಆಂಟೆನಾದಲ್ಲಿ ಅಲೆಗಳು ಬೆರೆತೇ ಬರುತ್ತವೆ. 3ಜಿಯಲ್ಲಿ ಅವನ್ನು ಬೇರ್ಪಡಿಸುವುದು ಸೆಕೆಂಡಿಗೆ 38.4 ಲಕ್ಷ ತುಣುಕುಗಳ ಸಂಕೇತಮಾಲೆ. ಆದ್ದರಿಂದ ಸುಮಾರು 78 ಮೀಟರ್ ಅಂತರದ ದಾರಿಗಳನ್ನು ಅದು ಗುರುತಿಸಬಲ್ಲದು. ಇಂದಿನ 4ಜಿಯ ಉಪಾಯ ಬೇರೆ: ಮಾಹಿತಿಯನ್ನು ಅನೇಕ ನಿಧಾನದ ವಾಹಕಗಳಿಗೆ ಹಂಚಿ, ತಡವಾದ ಅಲೆಗಾಗಿ ನಡುವೆ ಸ್ವಲ್ಪ ಅವಧಿ ಮೀಸಲಿಡುತ್ತದೆ.

‘ಪಠ್ಯದಲ್ಲಿಲ್ಲ, ಸಮಯವಿಲ್ಲ’ ಎಂಬ ಆಕ್ಷೇಪ ನನಗೆ ಗೊತ್ತು. ಆದರೆ ಹತ್ತು ನಿಮಿಷದ ಈ ಚಟುವಟಿಕೆ ಪ್ರತಿಧ್ವನಿಯ ತಿರುಳಾದ ‘ತಡ’ವನ್ನೇ ಕಲಿಸುತ್ತದೆ. ಪಾಠ ವೀಕ್ಷಿಸುವ ನಾವು ಬೋಧನೋಪಕರಣಕ್ಕೆ ಅಂಕ ಕೊಡುವಾಗ ಚಾರ್ಟಿನ ಅಂದವನ್ನು ನೋಡುವುದು ಬಿಟ್ಟು, ಮಕ್ಕಳು ಪಟ್ಟಿ ಸರಿಸಿದರೇ ಎಂದು ನೋಡೋಣ.