ಕಣದಲ್ಲೇ ತೆಗೆದಿಡಿ ತೊಟ್ಟಿಲ ಪಾಲು

ರಾಗಿ ಕಣದಲ್ಲಿ ರಾಶಿಯಾದಾಗ ರೈತನು ಮೊದಲು ಬಿತ್ತನೆಗೆ ಬೀಜ ತೆಗೆದಿಡುತ್ತಾನೆ. ಉಳಿದುದು ಮನೆಗೆ, ಮಾರಾಟಕ್ಕೆ. ಮನೆಯಲ್ಲಿ ಬಾಣಂತಿಯೋ ಎಳೆಗೂಸೋ ಇದ್ದರೆ ಅವರ ಪಾಲನ್ನೂ ಬೀಜದಂತೆಯೇ ಮೊದಲು ತೆಗೆದಿಡಬೇಕೆಂಬುದು ನನ್ನ ಅಭಿಪ್ರಾಯ. ಇದು ಹೆಂಗಸರ ವಿಷಯವೆಂದು ಗಂಡಸರು ಸುಮ್ಮನಿರಬಾರದು. ಯಾವ ಬೆಳೆ ಇಡಬೇಕು, ಎಷ್ಟು ಮಾರಬೇಕು ಎಂದು ಗೊತ್ತುಮಾಡುವವರು ಹೆಚ್ಚಾಗಿ ಅವರೇ.

ಕರು ಹಾಕಿದ ಹಸುವಿಗೆ ನಾವು ಹಿಂಡಿ, ಬೂಸಾ ಹೆಚ್ಚಿಸುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಸೊಪ್ಪು, ಬೇಳೆ, ಹಣ್ಣು ಬಿಡಿಸಿ, ಕುಡಿಯುವ ನೀರಿಗೂ ಮಿತಿ ಹಾಕುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹಾಲೂಡಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚು ಆಹಾರ ಬೇಕು. ಅದು ದೊರೆಯದಿದ್ದರೂ ಹಾಲು ಬಹುಮಟ್ಟಿಗೆ ಬರುತ್ತದೆ. ಸವೆಯುವುದು ತಾಯಿಯ ಮೈ.

ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕುಡಿಸಬೇಕು. ಮೊದಲ ಹಳದಿ ಹಾಲನ್ನು ಚೆಲ್ಲಬಾರದು. 6 ತಿಂಗಳವರೆಗೆ ಎದೆಹಾಲೇ ಸಾಕು, ನೀರೂ ಬೇಡ. ಅನಂತರ ಮೆತ್ತನೆಯ ಆಹಾರ ಆರಂಭಿಸಿ, 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲನ್ನೂ ಮುಂದುವರಿಸಬೇಕು.

ಆಗ ಒದಗುವುದು ನಮ್ಮ ರಾಗಿ ಸರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದಂಶವಿದೆ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸುವ ಹಿರಿಯರ ಪದ್ಧತಿಯಲ್ಲಿ ವಿಜ್ಞಾನವಿದೆ. ಮೊಳಕೆಯ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಂಟಾಗದು. ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಸೇರುತ್ತದೆ. ಆದರೆ ರಾಗಿಯೊಂದೇ ಸಾಲದು. ಎರಡು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಬೇಳೆ ಅಥವಾ ತೊಗರಿಬೇಳೆ ಸೇರಲಿ. ಚೆನ್ನಾಗಿ ಬೇಯಿಸಿ, ತುಸು ತುಪ್ಪ ಬೆರೆಸಿ ಉಣಿಸಿ. ಕ್ರಮೇಣ ಮಸೆದ ಸೊಪ್ಪು, ಹಣ್ಣು, ರೂಢಿಯಿದ್ದರೆ ಮೊಟ್ಟೆಯನ್ನೂ ಕೊಡಿ.

ಬೇಳೆಯನ್ನು ಅಂಗಡಿಯಿಂದಲೇ ತರಬೇಕೆಂದಿಲ್ಲ. ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ ಬೆಳೆಯುವುದು ನಮ್ಮ ಹಳೆಯ ರೂಢಿ. ಇಂದು ಅನೇಕರು ಅದನ್ನು ಕೈಬಿಟ್ಟಿದ್ದಾರೆ. 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕಿದರೂ ಮನೆಯ ಬೇಳೆಗೆ ದಾರಿಯಾಗುತ್ತದೆ. ಹಿತ್ತಲಲ್ಲಿ ಒಂದು ನುಗ್ಗೆ ಮರವಿದ್ದರೆ ಬಾಣಂತಿಗೆ ಸೊಪ್ಪೂ ಆಯಿತು.

ಒಂದು ಎಚ್ಚರಿಕೆ: ಔಷಧಿಯಿಂದ ಬೀಜೋಪಚಾರ ಮಾಡಿದ ರಾಗಿ ಬಿತ್ತಿ ಉಳಿದರೆ, ಎಷ್ಟು ತೊಳೆದರೂ ಅದು ಆಹಾರಕ್ಕೆ ಸಲ್ಲದು. ತೊಟ್ಟಿಲ ಪಾಲಿನ ರಾಗಿಯನ್ನು ಬೇರೆ ಡಬ್ಬದಲ್ಲೇ ಇಡಿ.

ರೈತ ಬಾಂಧವರೇ, ಬೀಜದ ರಾಗಿಯನ್ನು ಎಂಥ ಕಷ್ಟದಲ್ಲೂ ನೀವು ಮಾರುವುದಿಲ್ಲ. ತೊಟ್ಟಿಲ ರಾಗಿಗೂ ಅದೇ ನಿಯಮವಿರಲಿ.